ಓಡುವ ಹೆಂಗಸರ ಚಾಪೆ

"ಅಕ್ಕಾ, ನೀನು ಸತ್ತೋಗಿದ್ದೀಯಂತೆ ಕಣೇ! ಪ್ರದರ್ಶನದ ಬಾಗಿಲಲ್ಲೇ ಇಷ್ಟು ದಪ್ಪಕ್ಷರದಲ್ಲಿ ಬರ್ದಿದ್ದಾರೆ!"

ತಂಗಿ ಏದುಸಿರು ಬಿಡುತ್ತಾ ಧಣಿಯ ಚಾಪೆ ಶೆಡ್ಡಿಗೆ ನುಗ್ಗಿದಾಗ ಅಕ್ಕ ನೇಯುವ ಇಪ್ಪತ್ತು ಹೆಂಗಸರ ನಡುವೆ ಕೂತು ಹಸಿ ಜೊಂಡನ್ನು ಹಲ್ಲಲ್ಲಿ ಕಚ್ಚಿ ಸೀಳುತ್ತಿದ್ದಳು.

"ಯಾವಾಗ ಸತ್ತೆನಂತೆ? ಊಟಕ್ಕೆ ಮುಂಚೇನೋ, ಆಮೇಲೋ?"

"ತಮಾಷೆ ಸಾಕು. ಈ ಕಸುಬು ಬಲ್ಲ ಕೊನೇ ಹೆಂಗಸೂ ತೀರ್ಕೊಂಡ್ಳಂತೆ. ಈಗ ಧಣೀನೇ ಸ್ವಂತ ಕೈಯಿಂದ ನೇಯ್ದು ಕಲೆ ಉಳಿಸ್ತಿದ್ದಾನಂತೆ. ಅವನ ಫೋಟೋ ಕೆಳಗೆ ನಿನ್ನ ಚಾಪೆ! ಅದ್ರಲ್ಲಿರೋದು ಹಕ್ಕಿಗಳ ಸಾಲಂತೆ!"

ಅಕ್ಕ ಬಾಯಲ್ಲಿದ್ದ ನಾರನ್ನು ಥೂ ಎಂದು ಉಗಿದಳು. ಆ ಚಾಪೆಗೆ ಇಡೀ ಒಂದು ವರ್ಷ ಕಣ್ಣು ಸವೆಸಿದ್ದಳು. ಬೇರು ಕುದಿಸಿದ ಕೆಂಪಿನಲ್ಲಿ ಉರಿಯುವ ಗುಡಿಸಲುಗಳು, ಕಾಯಿಸಿಪ್ಪೆಯ ಕಪ್ಪಿನಲ್ಲಿ ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಓಡುವ ಹೆಂಗಸರು. ಅಜ್ಜಿ ಅವ್ವನಿಗೆ ಕಲಿಸಿದ್ದು, ಅವ್ವ ಇವಳಿಗೆ. ಅಕ್ಷರ ಕಾಣದ ಆ ಮಂದಿ ಬರೆದಿಟ್ಟದ್ದು ಅದೊಂದನ್ನೇ.

ಕೈ ಕೂಡ ತೊಳೆಯದೆ ಹೊರಟಳು. ತಂಗಿ ಹಿಂದೆಯೇ ಓಡಿದಳು.

ಪ್ರದರ್ಶನದ ಹಾಲ್‌ನಲ್ಲಿ ಧಣಿ ಇಲಾಖೆಯ ದೊಡ್ಡ ಸಾಹೇಬನಿಗೆ ಚಾಪೆ ತೋರಿಸುತ್ತಿದ್ದ. "ವಲಸೆ ಹಕ್ಕಿಗಳು ಸಾರ್. ನಮ್ಮ ಪರಂಪರೆ."

"ಹಕ್ಕಿ ಅಲ್ವೋ ಬೋಳಿಮಗನೇ! ನಮ್ಮ ಹೆಂಗಸ್ರು! ನಿಮ್ಮಜ್ಜ ಗುಡಿಸಲಿಗೆ ಬೆಂಕಿ ಇಟ್ಟಾಗ ಓಡಿದೋರು!" ಬಾಗಿಲಿಂದಲೇ ಅಕ್ಕ ಕೂಗಿದಳು.

ಧಣಿ ಹಲ್ಲು ಕಿರಿದ. "ಕಸ ಗುಡಿಸೋಳು ಸಾರ್, ತಲೆ ನೆಟ್ಟಗಿಲ್ಲ." ಜಡೆ ಹಿಡಿದು ಪಕ್ಕದ ಕೋಣೆಗೆ ದರದರನೆ ಎಳೆದೊಯ್ದ. ಹೊಟ್ಟೆಗೆ ಒದ್ದ.

"ನಾಲ್ಕು ಜನರೆದುರು ನನ್ನ ಮಾನ ಕಳೀತೀಯೇನೇ, ಮುಂಡೆ? ಈ ಕೈಯಿಂದ ತಾನೇ ನಿಂಗಿಷ್ಟು ಕೊಬ್ಬು?"

ಅವಳ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಕದ ಬಡಿದ. ಮತ್ತೊಮ್ಮೆ ಬಡಿದ. ಮೂಳೆ ಲಟಕ್ಕೆಂದಿತು. ಮೂರನೆಯದಕ್ಕೆ ಕದ ತೆರೆದನಷ್ಟೇ, ಅಕ್ಕ ಅವನ ಮಣಿಕಟ್ಟಿಗೆ ಬಾಯಿ ಹಾಕಿ ಮಾಂಸ ಕಿತ್ತು ಬರುವಂತೆ ಕಚ್ಚಿದಳು. ಅವನು ಊಳಿಡುತ್ತಿರುವಾಗಲೇ ಹಾಲ್‌ಗೆ ಓಡಿದಳು.

"ಸಾಹೇಬ್ರೇ, ನೇಯ್ದೋನು ಇವನೇ ಆದ್ರೆ ಎಲ್ಲಿಂದ ಶುರು ಮಾಡ್ದ ಅಂತ ಕೇಳಿ!"

ಹಿಂದೆಯೇ ಬಂದ ಧಣಿ ತಡಬಡಾಯಿಸಿ ಚಾಪೆಯ ಮೂಲೆಯೊಂದಕ್ಕೆ ಬೆರಳಿಟ್ಟ.

ಅವಳ ಮನೆಯ ಹೆಂಗಸರು ಚಾಪೆ ಶುರು ಮಾಡುವುದು ನಡುವಿನಿಂದ. ಎಲ್ಲರಿಗಿಂತ ಮುಂದೆ ಓಡುವವಳ ಪಾದದಡಿ ಒಂದು ಗಂಟು. ಅದು ಬಿಚ್ಚಿತೆಂದರೆ ಉಳಿದದ್ದು ನಿಲ್ಲದು. ಅಕ್ಕ ಬಗ್ಗಿ ಆ ಗಂಟನ್ನು ಹಲ್ಲಲ್ಲಿ ಕಡಿದು ಎಳೆದಳು. ಚರಚರ ಎನ್ನುತ್ತಾ ನೇಯ್ಗೆ ಬಾಯಿಬಿಟ್ಟಿತು. ಗುಡಿಸಲು, ಕೂಸು, ಹೆಂಗಸರೆಲ್ಲ ಎಳೆಎಳೆಯಾಗಿ ನೆಲಕ್ಕೆ ಬಿದ್ದರು. ಮೇಲೆ ಅವಳ ರಕ್ತ ತೊಟ್ಟಿಕ್ಕಿತು.

ಸಾಹೇಬ ಬೂಟಿಗೆ ಸಿಡಿದದ್ದನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. "ಮಂತ್ರಿಗಳು ನಾಳೆ ಹತ್ತಕ್ಕೆ ಬರ್ತಾರೆ. ನೇಯ್ದೋರು ಯಾರೋ, ಇಲ್ಲೇ ಅವರೆದುರು ಕೂತು ನೇಯ್ಬೇಕು."

ಧಣಿಯ ಮುಖ ಹುಳ್ಳಗಾಯಿತು.

ತಂಗಿ ತನ್ನ ಬಟ್ಟೆ ಹರಿದು ಅಕ್ಕನ ಕೈಗೆ ಸುತ್ತತೊಡಗಿದಳು. ಅಕ್ಕ ಧಣಿಯ ಮೇಲಿಂದ ಕಣ್ಣು ಕೀಳಲಿಲ್ಲ.

"ನನ್ನದೊಂದು ಕೈ ಹೋಯ್ತು. ಶೆಡ್ಡಲ್ಲಿ ಇನ್ನೂ ನಲವತ್ತಿವೆ. ನಾಳೆ ಹತ್ತಕ್ಕೆ ಎಲ್ರೂ ಬರ್ತೀವಿ. ಜೊಂಡೂ ತರ್ತೀವಿ, ಕೊಯ್ಯೋ ಮಚ್ಚೂ ತರ್ತೀವಿ."