ಕರುಳಿನ ವಯಸ್ಸು

ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತನಾದ ಮೇಲೆ ಗುರುಬಸವಪ್ಪನಿಗೆ ಮಲ್ಕಾಜ್‌ಗಿರಿಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಹಾಗಾಗಿ ತನ್ನ ಕರುಳಿನ ಹಿಂದೆ ಬಿದ್ದ. ಹೊಟ್ಟೆಯೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತರೆ ಮನುಷ್ಯ ಬೇಗ ಮುದುಕನಾಗುತ್ತಾನೆಂದು ಮೊಬೈಲಿನಲ್ಲಿ ಪುಡಿ ಮಾರುವ ಕಂಪನಿಯವನೊಬ್ಬ ಹೇಳಿದ್ದ. ಇವನು ಆ ಕಂಪನಿಗೇ ಮಲ ಕಳಿಸಿ ಪರೀಕ್ಷೆ ಮಾಡಿಸಿದ. ಅವನಿಗೆ ಅರವತ್ತೆಂಟಾದರೂ ಕರುಳಿಗೆ ಎಂಬತ್ತಾಗಿದೆ ಎಂದು ವರದಿ ಬಂತು.

ಅಂದಿನಿಂದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಬಿಟ್ಟ. ಹೊತ್ತು ಹೊತ್ತಿಗೂ ಆ ಕಂಪನಿಯ ಪುಡಿ. ಸಾಲದ್ದಕ್ಕೆ ಪಾರ್ಕಿನಲ್ಲಿ ಮುದುಕರನ್ನು ಕೂಡಿಸಿಕೊಂಡು ಉಪದೇಶ. ಮನೆಯಲ್ಲಿ ಹೆಂಡತಿ ಗಿರಿಜಾಬಾಯಿಯ ತಟ್ಟೆ ಕಂಡರೆ ಮೂಗು ಮುರಿಯುತ್ತಿದ್ದ.

“ನಿನ್ನ ಹೊಟ್ಟಿ ಒಳಗ ಏನ್ ನಡದೈತಿ ಗೊತ್ತೇನ ನಿನಗ?”

“ನಿಮ್ಮದು ಮಾತ್ರ ಗೊತ್ತಾಗಾಕತ್ತೈತ್ರಿ. ಮುಂಜಾನಿಂದ ಸಂಡಾಸಕ್ಕ ಓಡೂದ ಆಗೇತಿ.”

ಮರುಪರೀಕ್ಷೆ ಬಂತು. ಮಲ ತುಂಬಿ ಕಳಿಸಲು ಕಂಪನಿಯವರು ಒಂದು ಡಬ್ಬಿ ಹೆಚ್ಚಿಗೆ ಕೊಟ್ಟಿದ್ದರು. ಗಿರಿಜಾಬಾಯಿ ಗಂಡ ತುಂಬಿಟ್ಟಿದ್ದ ಡಬ್ಬಿಯನ್ನು ಕಸಕ್ಕೆಸೆದು, ಇನ್ನೊಂದರಲ್ಲಿ ತನ್ನದನ್ನು ತುಂಬಿ, ಅವನ ಹೆಸರು ಅಂಟಿಸಿ ಕಳಿಸಿದಳು.

ಈ ಸಲ ಕರುಳಿಗೆ ಐವತ್ತು! ಗುರುಬಸವಪ್ಪ ಪಾರ್ಕಿಗೆ ಹೋಗಿ ವರದಿಯನ್ನು ಗಟ್ಟಿಯಾಗಿ ಓದಿದ. ಅವನ ಜೊತೆ ಕೆಲಸ ಮಾಡಿದ್ದ ಬಂಡೆಪ್ಪ ತಾನೂ ಪುಡಿ ತರಿಸುತ್ತೇನೆಂದು ಮೊಬೈಲ್ ತೆಗೆದ. ಪಾಪ, ಸಕ್ಕರೆ ಕಾಯಿಲೆಯವನು, ಊಟ ಬಿಟ್ಟು ಪುಡಿ ತಿಂದರೆ ಗತಿಯೇನು? ಗಂಡನ ಜೊತೆ ಪಾರ್ಕಿಗೆ ಬಂದು ಹಿಂದೆ ನಿಂತಿದ್ದ ಗಿರಿಜಾಬಾಯಿಗೆ ತಡೆಯಲಾಗಲಿಲ್ಲ.

“ಬಂಡೆಪ್ಪಣ್ಣಾ, ತರಸಬ್ಯಾಡ್ರಿ. ಅದು ನಂದು.”

“ಏನ್ ನಿಮ್ಮದು, ವೈನಿ?”

“ಡಬ್ಬಿಯಾಗ ಇದ್ದದ್ದು.”

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಬೆಂಚೇ ಅಲುಗಾಡುವಂತೆ ನಕ್ಕರು. ಗುರುಬಸವಪ್ಪ ಬೆವರು ಒರೆಸಿಕೊಂಡು, “ನನ್ನ ಜೋಡಿ ಇದ್ದು ಇದ್ದು ಆಕೀ ಕರುಳೂ ಸುಧಾರಿಸೈತಿ ನೋಡ್ರಿ,” ಎಂದ. ಕೇಳಲು ಯಾರೂ ನಿಲ್ಲಲಿಲ್ಲ.

ಮನೆಗೆ ಬಂದವನೇ ಕೂಗಾಡಿದ. “ಮಂದಿ ಮುಂದ ನನ್ನ ಮರ್ಯಾದಿ ತಗದೆಲ್ಲ!”

“ಮರ್ಯಾದಿನ ಡಬ್ಬಿಯಾಗ ಹಾಕಿ ಮೊದಲ ಕಳಿಸಿದವರು ನೀವ ರೀ,” ಎಂದು ಅವಳು ಊಟಕ್ಕೆ ಕುಳಿತಳು.

ಅವನು ಕೋಣೆಯಲ್ಲಿ ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದು, ಹಸಿವು ತಾಳದೆ ಅಡುಗೆಮನೆಗೆ ಬಂದ. “ಒಂದ್ ರೊಟ್ಟಿ ಹಾಕು.”

ಗಿರಿಜಾಬಾಯಿ ತಲೆ ಎತ್ತಲಿಲ್ಲ. “ಬುಟ್ಟಿ ಅಲ್ಲೈತಿ. ತಗೋರಿ.”

ಮದುವೆಯಾದಂದಿನಿಂದ ಒಮ್ಮೆಯೂ ತಾನಾಗಿ ಬಡಿಸಿಕೊಂಡು ಉಂಡವನಲ್ಲ. ಪಲ್ಯದ ಪಾತ್ರೆ ಯಾವುದೆಂದು ಹುಡುಕಲು ಮುಚ್ಚಳಗಳನ್ನು ಒಂದೊಂದಾಗಿ ಎತ್ತತೊಡಗಿದ. ಅವಳು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ಉಣ್ಣುತ್ತಲೇ ಇದ್ದಳು.