ಅಬೂಬಕ್ಕರ್ ಕಾಕನ ಬಾದಾಮಿ ಮರ

ಶುಕ್ರವಾರ ಬೆಳಿಗ್ಗೆ ಸೂರ್ಯ ಮೇಲೇರುವ ಮೊದಲೇ ಸರ್ವೋತ್ತಮ ದುಬೈಯ ಡಿಸ್ಕವರಿ ಗಾರ್ಡನ್ಸಿನ ಮನೆಯಿಂದ ಹೊರಟ. ಮೂರು ಸಿಗ್ನಲ್ ದಾಟುವಷ್ಟರಲ್ಲಿ ಐದು ಸಲ ಫೋನು ನೋಡಿದ. ಊರಿನಿಂದ ಝುಲೈಖ ಕಳಿಸಿದ್ದ ವಾಯ್ಸ್ ಮೆಸೇಜನ್ನು ಮತ್ತೆ ಕೇಳಿದ.

"ಇನ್ನು ಮನೆಗೆ ಕರ್ಕೊಂಡು ಹೋಗಿ ಅಂತ ಡಾಕ್ಟ್ರು ಹೇಳಿದ್ರು ಅಣ್ಣಾ. ಇವರದ್ದು ಒಂದೇ ಹಟ. ಮರ ಕೆಂಪಾಯ್ತಾ, ಫೋಟೋ ಬಂತಾ ಅಂತ."

ಅವಳ ಗಂಡ ಅಬೂಬಕ್ಕರ್ ಅಲ್ ಕೂಜ್‌ನ ಲೇಬರ್ ಕ್ಯಾಂಪಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಊರಿಗೆ ಮರಳಿದವರು, ಅಲ್ಲಿ ಎಲ್ಲರಿಗೂ ಕಾಕ. ದುಬೈಗೆ ಬಂದ ಹೊಸದರಲ್ಲಿ ಸರ್ವೋತ್ತಮನೂ ಅದೇ ಕ್ಯಾಂಪಿನಲ್ಲಿದ್ದು ಅವರ ಕೈಯ ಅನ್ನ ಉಂಡವನು. ಮೆಸ್ಸಿನ ಹಿಂದೆ ಕಾಕ ನೆಟ್ಟ ಬಾದಾಮಿ ಗಿಡ ಈಗ ಎರಡು ಮಹಡಿ ಎತ್ತರ. ಎಲೆ ಉದುರುವ ಕಾಲ ಎಂಬುದೊಂದು ಈ ಮರಳುಗಾಡಿನಲ್ಲಿ ಇದ್ದರೆ ಅದು ಜನವರಿಯಲ್ಲಿ, ಇಂಥ ಮರಗಳಲ್ಲಿ ಮಾತ್ರ. ಒಂದೊಂದೇ ಎಲೆ ಕೆಂಪೇರಿ ಕೊನೆಗೆ ಮರಕ್ಕೆ ಮರವೇ ಕೆಂಪಾಗುತ್ತದೆ.

ಕಾಕ ಫೋಟೋ ಕೇಳಿ ಮೂರು ವಾರವಾಗಿತ್ತು. ಬೇರೆ ಯಾರಾದರೂ ಅಂದೇ ಒಂದು ಕ್ಲಿಕ್ಕಿಸಿ ಕಳಿಸಿಬಿಡುತ್ತಿದ್ದರು. ನಮ್ಮ ಸರ್ವೋತ್ತಮ ಹಾಗಲ್ಲ. ಕನ್ನಡ ಸಂಘದ ಕ್ಯಾಲೆಂಡರಿಗೆ ಫೋಟೋ ತೆಗೆಯುವ ದೊಡ್ಡ ಮನುಷ್ಯ, ಅರ್ಧಂಬರ್ಧ ಕೆಂಪು ಅವನಿಗೆ ಸಾಲದು. ಇನ್ನೊಂದು ವಾರ ಹೋಗಲಿ, ಬಣ್ಣ ಏರಲಿ ಎಂದು ಕಾದ. ಈಗ ಆ ಕಾದದ್ದೇ ಎದೆಗೆ ಚುಚ್ಚುತ್ತಿತ್ತು. ನಿನ್ನೆ ಕ್ಯಾಂಪ್ ಬಾಸ್ ಆಗಸ್ಟಿನ್‌ಗೆ ಫೋನು ಮಾಡಿ, "ಕಾಕನಿಗೆ ಹುಷಾರಿಲ್ಲ, ಊರಿಗೆ ಕಳಿಸುವ ಮರದ ಫೋಟೋ ಮಾರಾಯ್ರೆ, ಜಾಗ ಸ್ವಲ್ಪ ಕ್ಲೀನ್ ಮಾಡಿಸಿಡಿ" ಎಂದಿದ್ದ. ಊರಿಗೆ ಹೋಗುವ ಫೋಟೋದಲ್ಲಿ ಕಸದ ಡಬ್ಬಿ, ಒಣಹಾಕಿದ ಬನಿಯನ್ ಕಾಣಬಾರದೆಂಬುದು ಗಲ್ಫಿನವರೆಲ್ಲ ಪಾಲಿಸುವ ನಿಯಮ.

ಗೇಟಿನಲ್ಲೇ ಆಗಸ್ಟಿನ್ ನಗುತ್ತ ನಿಂತಿದ್ದ. "ಬನ್ನಿ, ನಾಲ್ಕು ಗಂಟೆಗೇ ಎದ್ದು ಎಲ್ಲ ಸೇರಿ ಮಾಡಿದ್ದು. ಹೇಗುಂಟು ನೋಡಿ!"

ಮೆಸ್ಸಿನ ಹಿಂದಕ್ಕೆ ಬಂದ ಸರ್ವೋತ್ತಮ ತಲೆಯೆತ್ತಿ ನೋಡಿದ. ನೆಲ ತೊಳೆದು ಥಳಥಳ ಮಾಡಿದ್ದರು. ಮರದಲ್ಲಿ ಒಂದೇ ಒಂದು ಎಲೆ ಇರಲಿಲ್ಲ.

"ಎಲೆ ಎಲ್ಲಿ?"

"ಕಿತ್ತು ಹಾಕಿದ್ರು. ಹುಷಾರಿಲ್ಲದವರಿಗೆ ಉದುರುವ ಎಲೆ ತೋರಿಸುವುದುಂಟಾ ಮಾರಾಯ್ರೆ? ಕಸದ ಗಾಡಿ ಬಂದು ಕೊಂಡುಹೋಯ್ತು, ಖಲಾಸ್!"

ಬೈಯಲು ಬಾಯಿ ತೆರೆದ ಸರ್ವೋತ್ತಮನ ಕಣ್ಣು ಎದುರಿಗೆ ಹೋಯಿತು. ಮರದಡಿ ಕಾಕನ ಅಡುಗೆ ಉಂಡ ಕ್ಯಾಂಪಿನ ಹದಿನೈದು ಜನ ಫೋಟೋಗೆಂದು ಸಾಲಾಗಿ ನಿಂತಿದ್ದರು. ಬಿಹಾರದವರು, ಕರೀಂನಗರದವರು, ಕಾಸರಗೋಡಿನವರು. ವಾರಕ್ಕೊಂದೇ ರಜೆಯ ನಿದ್ದೆ ಬಿಟ್ಟು, ಮಿಂದು, ಇಸ್ತ್ರಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಮರ ಹತ್ತಿದ ಇಬ್ಬರ ಮೊಣಕೈ ತರಚಿತ್ತು. ಆಗಷ್ಟೇ ಏರಿದ ಬಿಸಿಲಿಗೆ ಬೋಳು ಕೊಂಬೆಗಳ ನೆರಳು ಅವರ ಮೇಲೆ ಬಿದ್ದಿತ್ತು. ಒಬ್ಬನ ಭುಜದಲ್ಲಿ ಹುಟ್ಟಿದ ರೆಂಬೆ ಇನ್ನೊಬ್ಬನ ಎದೆ ದಾಟಿ ಮತ್ತೊಬ್ಬನ ಕೆನ್ನೆಗೆ ಹೋಗಿ ಮುಟ್ಟುತ್ತಿತ್ತು. ಇಷ್ಟು ವರ್ಷ ಕ್ಯಾಮರಾ ಹೊತ್ತು ತಿರುಗಿದರೂ ಇಷ್ಟು ಚೆಂದದ್ದನ್ನು ಅವನು ನೋಡಿರಲಿಲ್ಲ.

ಕ್ಯಾಮರಾ ಚೀಲ ಬಿಚ್ಚುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಫೋನಿನಲ್ಲೇ ತೆಗೆದು, ಬಣ್ಣ ತಿದ್ದದೆ ಕಳಿಸಿಬಿಟ್ಟ. ವಾಟ್ಸಾಪಿನಲ್ಲಿ ಎರಡು ಗೀಟು ಬಿದ್ದವು, ಆದರೆ ನೋಡಿದ ಗುರುತಿನ ನೀಲಿ ಬರಲಿಲ್ಲ. ಮರದ ಬುಡದಲ್ಲಿ ಶತಪಥ ಹಾಕಿದ. ತಡವಾಯಿತೇ, ಕಾಕ ಇದ್ದಾರೋ ಇಲ್ಲವೋ ಎಂದು ಜೀವ ಒದ್ದಾಡಿತು. ಸಾಲಿನಲ್ಲಿದ್ದವರು ಕದಲದೆ ಅವನ ಮುಖವನ್ನೇ ನೋಡುತ್ತಿದ್ದರು.

ಹತ್ತು ನಿಮಿಷದ ಮೇಲೆ ಝುಲೈಖಳ ದನಿ ಬಂತು.

"ನೋಡಿದ್ರು ಅಣ್ಣಾ. ಮರದ ಬಗ್ಗೆ ಒಂದು ಮಾತಿಲ್ಲ. ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡ್ತಾ ಇದ್ದಾರೆ. ಇವರೆಲ್ಲ ತಿಂಡಿ ತಿಂದ್ರಾ ಅಂತ ಕೇಳ್ಬೇಕಂತೆ."

ಸರ್ವೋತ್ತಮ ಅದನ್ನು ಹಿಂದಿಯಲ್ಲಿ ಹೇಳಿ, ಉತ್ತರಕ್ಕೆ ಫೋನನ್ನು ಅವರ ಮುಂದೆ ಹಿಡಿದ. ನಾಲ್ಕಕ್ಕೆ ಎದ್ದವರು ಯಾರೂ ಇನ್ನೂ ಒಂದು ತುತ್ತು ಮುಟ್ಟಿರಲಿಲ್ಲ.

"ಖಾ ಲಿಯಾ ಕಾಕಾ! ಪೇಟ್ ಭರ್ ಗಯಾ!" ಎಂದು ಹದಿನೈದು ಜನವೂ, ಹೊಟ್ಟೆ ತುಂಬ ತಿಂದವರ ಹಾಗೆ, ಒಟ್ಟಿಗೆ ಕೂಗಿದರು.