ಹೆಪ್ಪು ಮಣ್ಣು

ಚಿಕ್ಕಮ್ಮ ಕುರ್ಚಿಯ ಬೆನ್ನಿಗೆ ತಲೆ ಆನಿಸಿ ಕೂತಳು. ನಾನು ಕೈ ತೊಳೆದು, ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟೆ. ಐದು ನಿಮಿಷ ಕಾದು ಇನ್ನೊಂದು ಬಾಟಲಿಯಿಂದ ಮತ್ತೊಂದು ಹನಿ. ಆಪರೇಷನ್ ಆಗಿ ಆರು ವಾರ. ಆ ಕಣ್ಣಿಗೆ ಹತ್ತಿರದ್ದೆಲ್ಲ ಇನ್ನೂ ಮಸುಕು ಎಂದು ಅವಳು ಹೇಳಿದ್ದಳು. ನನ್ನ ಮುಖ ಅವಳಿಗೆ ಸರಿಯಾಗಿ ಕಾಣುವುದಿಲ್ಲವೆಂದೇ ನಾನು ಅವಳ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದೆ.

ಬಾಟಲಿಗಳ ಮುಚ್ಚಳ ಬಿಗಿಮಾಡಿ, ನನ್ನ ಬಟ್ಟೆಚೀಲದೊಳಗೆ ಇದ್ದ ಎರಡು ಡಬ್ಬಿಗಳು ವಾಲಿಲ್ಲವಷ್ಟೇ ಎಂದು ಮುಟ್ಟಿ ನೋಡಿದೆ. ಮೂರು ದಿನದಿಂದ ಅವನ್ನು ಕೆಲಸಕ್ಕೆ ಒಯ್ಯುತ್ತಿದ್ದೆ, ಯಾರಿಗೂ ತೋರಿಸದೆ ವಾಪಸ್ ತರುತ್ತಿದ್ದೆ.

ನಮ್ಮದು ಮರದ ಸಸಿ ಬೆಳೆಸುವ ನರ್ಸರಿ. ಅಲ್ಲಿ ಮಣ್ಣು ಕಲೆಸುವುದು ಚಿಕ್ಕಮ್ಮನ ಕೆಲಸ, ಇಪ್ಪತ್ತೆರಡು ವರ್ಷದಿಂದ. ಶಾಲೆ ಬಿಟ್ಟ ಮೇಲೆ ನಾನೂ ಅವಳ ಕೈಕೆಳಗೆ ಸೇರಿದೆ. ಮರಳು, ಕೆಮ್ಮಣ್ಣು, ಗೊಬ್ಬರ ಎಲ್ಲ ಗುಡ್ಡೆ ಹಾಕಿ, ಕೊನೆಗೆ ಹಿಂದಿನ ಬೇಲಿಯ ಹಳೇ ಮರದ ಬುಡದಿಂದ ಎರಡು ಬುಟ್ಟಿ ಮಣ್ಣು ತಂದು ಸೇರಿಸುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ಹೆಪ್ಪು. ಮೇಲಿನ ತರಗೆಲೆ ಸರಿಸಿದರೆ ಬಿಳಿ ನೂಲಿನಂಥದ್ದು ಮಣ್ಣನ್ನೆಲ್ಲ ಹೆಣೆದುಕೊಂಡಿರುವುದು ಕಾಣುತ್ತಿತ್ತು. ಮೊದಲ ಸಲ ನೋಡಿ ನಾನು "ಥೂ, ಬೂಷ್ಟು" ಎಂದು ಕೈ ಹಿಂದೆಗೆದಿದ್ದೆ.

"ಬೂಷ್ಟೇ ಕಣೆ. ಆದ್ರೆ ನೆಂಟರೆಲ್ಲ ಒಂದೇ ಥರ ಇರ್ತಾರಾ? ಉಂಡು ಹೋಗೋರೂ ಇರ್ತಾರೆ, ಪಾತ್ರೆ ತೊಳೆದಿಟ್ಟು ಹೋಗೋರೂ ಇರ್ತಾರೆ. ಈ ನೂಲು ಬೇರಿಗೆ ಸುತ್ಕೊಂಡು, ಬೇರಿಗೆ ಎಟುಕದ ಕಡೆಯಿಂದ ನೀರು, ಸಾರ ಹೊತ್ಕೊಂಡು ಬರುತ್ತೆ. ಗಿಡ ಎಲೇಲಿ ಬೇಯಿಸಿದ್ದರಲ್ಲಿ ಇದಕ್ಕೂ ಒಂದು ತುತ್ತು ಇಳಿಸುತ್ತೆ. ಈ ಮಣ್ಣಲ್ಲೇ ಇನ್ನೊಂದು ಜಾತೀದಿದೆ, ಅದು ಬೀಜದ ಸುತ್ತ ಕಾವಲು ಕೂತು ಕೊಳೆರೋಗನ ಹತ್ತಿರ ಬಿಡಲ್ಲ."

ಹೋದ ವರ್ಷ ಆ ಕಾವಲನ್ನೂ ಮೀರಿ ಕೊಳೆರೋಗ ಬಂದಿತ್ತು. ಒಂದು ಮಡಿಯ ಸಸಿಗಳೆಲ್ಲ ಬುಡದಲ್ಲಿ ಕರಗಿ ಮಲಗಿದವು. ಮ್ಯಾನೇಜರ್ ಕೆಟ್ಟವರಲ್ಲ. ಅವರು ಹೆದರಿದರು. ಮಣ್ಣನ್ನು ಹಬೆಯಲ್ಲಿ ಬೇಯಿಸುವ ಯಂತ್ರ ತರಿಸಿದರು. ಯಂತ್ರ ಶುರುವಾದ ದಿನ ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಳು. ನಾನು ಬೆಳಿಗ್ಗೆಯೇ, ಯಾವಾಗಿನಂತೆ, ಗುಡ್ಡೆಗೆ ಹೆಪ್ಪು ಸೇರಿಸಿ ಕಲೆಸಿ ಮುಗಿಸಿದ್ದೆ. ಹತ್ತು ಗಂಟೆಗೆ ಮ್ಯಾನೇಜರ್ ಬಂದು ಇಡೀ ಗುಡ್ಡೆಯನ್ನು ಯಂತ್ರಕ್ಕೆ ತುಂಬಿಸಿದರು. ಬೆಂದರೂ ಮಣ್ಣು ಮಣ್ಣೇ ಅಲ್ಲವೇ ಎಂದುಕೊಂಡೆ. ಸಂಜೆ ಅದನ್ನೇ ಚೀಲಗಳಿಗೆ ತುಂಬಿ ಬೀಜ ಊರಿದೆ.

"ಹೆಪ್ಪು ಹಾಕಿದ್ಯಾ?" ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಚಿಕ್ಕಮ್ಮ ಕೇಳಿದಳು.

"ಹಾಕಿದೆ," ಅಂದೆ.

ಎರಡು ವಾರ ಕಳೆದರೂ ಅರ್ಧದಷ್ಟು ಚೀಲಗಳು ಬೋಳಾಗಿಯೇ ಇದ್ದವು. ಕೆದಕಿದರೆ ಬೀಜ ಬೆರಳಿಗೆ ಅಂಟುವಷ್ಟು ಕೊಳೆತಿತ್ತು. ಖಾಲಿ ಮನೆಗೆ ಹೆಗ್ಗಣ ನುಗ್ಗಿದ ಹಾಗೆ, ಬೆಂದ ಮಣ್ಣಿಗೆ ರೋಗವೇ ಮೊದಲು ಬಂದಿತ್ತು. ಎದ್ದ ಸಸಿಗಳೂ ಕಡ್ಡಿಯಷ್ಟಾಗಿ ನಿಂತುಬಿಟ್ಟವು.

ಆ ವಾರವೇ ಒಂದು ಸಂಜೆ, ಮನೆಯಲ್ಲಿ ಅವಸರದಲ್ಲಿ, ಒಲೆಯಿಂದ ಆಗಷ್ಟೇ ಇಳಿಸಿದ ಹಾಲಿಗೆ ಹೆಪ್ಪು ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೊಸರಾಗಿರಲಿಲ್ಲ. ಚಿಕ್ಕಮ್ಮ ನಕ್ಕಳು. "ಕುದಿಯೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರೇನೆ? ಅದಕ್ಕೂ ಜೀವ ಇಲ್ವಾ?"

ಪಾತ್ರೆ ತೊಳೆಯಲು ಹೋದವಳಿಗೆ ಹಬೆಯಲ್ಲಿ ಬೆಂದ ನನ್ನ ಗುಡ್ಡೆ ನೆನಪಾಯಿತು.

ಆವತ್ತೇ ಹೇಳಬಹುದಿತ್ತು. ಖಾತ್ರಿ ಮಾಡಿಕೊಂಡು ಹೇಳೋಣ ಅಂದುಕೊಂಡೆ. ಎರಡು ಖಾಲಿ ಡಬ್ಬಿಗೆ ಬೆಂದ ಮಣ್ಣು ತುಂಬಿದೆ. ಒಂದಕ್ಕೆ ಮಾತ್ರ ಮರದ ಬುಡದ ಮಣ್ಣನ್ನು ಎರಡು ಚಮಚ, ಹಸಿಯಾಗಿಯೇ, ಕಲೆಸಿದೆ. ಎರಡರಲ್ಲೂ ಇಪ್ಪತ್ತು ಬೀಜ. ಅಡುಗೆಮನೆಯ ಕಿಟಕಿಯಲ್ಲಿಟ್ಟು ಒಂದೇ ಲೋಟದಿಂದ ನೀರು ಹಾಕಿದೆ. ಬರೀ ಬೆಂದ ಮಣ್ಣಿನದರಲ್ಲಿ ಎಂಟು ಎದ್ದವು, ಹೆಪ್ಪು ಕಲೆಸಿದ್ದರಲ್ಲಿ ಹದಿನೇಳು. ಖಾತ್ರಿಯಾದ ಮೇಲೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಕಂಡಕಂಡವರಿಗೆಲ್ಲ ಹೇಳಿಯಾಗಿತ್ತು: "ನಮ್ಮ ಹುಡುಗಿ ಕೈಯಾರೆ ಹೆಪ್ಪು ಹಾಕಿದಾಳೆ, ಏನೂ ಆಗಲ್ಲ ನೋಡ್ತಿರಿ."

ನಾನು ಕಣ್ಣಿಗೆ ಹನಿ ಬಿಟ್ಟ ಆ ದಿನವೇ ಅವಳು ಆಪರೇಷನ್ ಆದ ಮೇಲೆ ಮೊದಲ ಬಾರಿಗೆ ಕೆಲಸಕ್ಕೆ ಮರಳಿದಳು. ಗೇಟಿನ ಹತ್ತಿರ ಪೈಪಣ್ಣ ಎದುರಾದ. ಸದಾ ಹೆಗಲ ಮೇಲೆ ನೀರಿನ ಪೈಪು ಸುತ್ತಿಕೊಂಡಿರುವುದರಿಂದ ಅವನಿಗೆ ಆ ಹೆಸರು.

"ಏನಕ್ಕಾ, ಕಪ್ಪು ಕನ್ನಡಕ! ಸಿನಿಮಾಗೆ ಸೇರ್ಕೊಂಡ್ರಾ?"

"ಸೇರ್ದೆ ಕಣೋ. ಖಳನಾಯಕ ಸಿಕ್ಕಿರ್ಲಿಲ್ಲ, ನಿನ್ನ ಕರ್ಕೊಂಡು ಹೋಗೋಣ ಅಂತ ಬಂದೆ."

ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, "ಮ್ಯಾನೇಜರ್ ಮಣ್ಣಿನ ಶೆಡ್ಡಲ್ಲಿ ಕಾಯ್ತಿದಾರೆ. ಮುಖ ಸರಿಯಿಲ್ಲ," ಅಂದ.

ಶೆಡ್ಡಿನ ಮೇಜಿನ ಮೇಲೆ ಮ್ಯಾನೇಜರ್ ನಾಲ್ಕು ಸಸಿ ಕಿತ್ತು ಇಟ್ಟಿದ್ದರು. ಎಲೆಯ ಅಡಿಭಾಗ ಪೆಟ್ಟು ಬಿದ್ದ ಚರ್ಮದಂತೆ ನೇರಳೆಗಟ್ಟಿತ್ತು.

"ನೋಡೀಮ್ಮ. ಯಂತ್ರದ್ದೇ ತಪ್ಪು ಅನ್ನೋ ಹಾಗಿಲ್ಲ. ನಿಮ್ಮ ಹೆಪ್ಪೂ ಇದರೊಳಗಿತ್ತು. ಇದ್ದೂ ಹೀಗಾಯ್ತು."

ಚಿಕ್ಕಮ್ಮ ಕನ್ನಡಕ ತೆಗೆದು ಒಂದು ಸಸಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಕಾಣಲಿಲ್ಲವೇನೋ, ಬೇರನ್ನು ಎರಡು ಬೆರಳ ನಡುವೆ ಸವರಿದಳು.

"ನೂಲೇ ಇಲ್ಲ," ಅಂದಳು.

"ಅದನ್ನೇ ನಾನು ಹೇಳ್ತಿರೋದು. ನಿಮ್ಮ ಹೆಪ್ಪು ಮಣ್ಣಲ್ಲಿ ಏನೂ ಇರ್ಲಿಲ್ಲ. ಸೋಮವಾರದಿಂದ ನೀವು ಸಸಿಗಳಿಗೆ ಹೆಸರಿನ ಚೀಟಿ ಬರೆಯೋ ಕೋಣೇಲಿ ಕೂತ್ಕೊಳ್ಳಿ, ಕಣ್ಣಿಗೂ ಧೂಳಿಲ್ಲ. ಹಿಂದುಗಡೆ ಎರಡನೇ ಯಂತ್ರಕ್ಕೆ ಜಾಗ ಬೇಕು. ಇವತ್ತು ಕಾಂಕ್ರೀಟ್ ಹಾಕ್ತಾರೆ."

"ಮರದ ಬುಡಕ್ಕಾ?"

"ಮರ ಕಡಿಯಲ್ಲಮ್ಮ. ಬುಡದವರೆಗೆ ಹಾಕ್ತೀವಿ, ಅಷ್ಟೇ."

ಚಿಕ್ಕಮ್ಮ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಿದ್ದರೆ ನಾನು ಆವತ್ತೂ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅವಳು ನನ್ನ ಕಡೆ ತಿರುಗಿ, "ನೀನು ಹಾಕಿದ್ಯಲ್ವಾ?" ಎಂದು ಮಾತ್ರ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಸಸಿಯನ್ನು ಮೇಜಿನ ಮೇಲೆ ಮಲಗಿಸಿದಳು. "ಹಾಗಾದ್ರೆ ಇಷ್ಟು ವರ್ಷ ಸುಮ್ನೆ ಬುಟ್ಟಿ ಹೊತ್ತೆ ಅನ್ಸುತ್ತೆ," ಅಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಚೀಲದಿಂದ ಡಬ್ಬಿಗಳನ್ನು ತೆಗೆದೆ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

"ಸಾರ್, ಮಣ್ಣು ಬೇಯೋಕೆ ಮುಂಚೆ ಹೆಪ್ಪು ಹಾಕಿದ್ದು. ಬೆಂದು ಸತ್ತುಹೋಯ್ತು. ಆರಿದ ಮೇಲೆ ಹಾಕ್ಬೇಕಿತ್ತು. ತಪ್ಪು ನಂದು. ಅಡುಗೆಮನೆ ಕಿಟಕೀಲಿ ಇಟ್ಟು ಬೆಳೆಸಿದೆ, ಈ ಡಬ್ಬಿಗೆ ಹಸಿ ಮಣ್ಣು ಹಾಕಿದೀನಿ, ನೋಡಿ, ಇದಕ್ಕೆ ಹಾಕಿಲ್ಲ."

"ಯಾವಾಗ ಗೊತ್ತಾಯ್ತು?" ಕೇಳಿದ್ದು ಮ್ಯಾನೇಜರ್ ಅಲ್ಲ, ಚಿಕ್ಕಮ್ಮ.

"ಹಾಲು ಮೊಸರಾಗ್ದೇ ಇದ್ದ ದಿನ."

"ಅದು ತಿಂಗಳಾಯ್ತು."

"ಹೂಂ."

ಪೈಪಣ್ಣ ಬಾಗಿಲಲ್ಲಿ ನಿಂತಿದ್ದ. ಹೆಗಲ ಪೈಪನ್ನು ಇಳಿಸಿ ಒಳಗೆ ಇಣುಕಿದ. ಚಿಕ್ಕಮ್ಮ ಹದಿನೇಳರ ಡಬ್ಬಿಯನ್ನು ಹತ್ತಿರಕ್ಕೆ ಎಳೆದು ಒಂದು ಸಸಿ ಕಿತ್ತಳು. ಬೇರಿನ ಜೊತೆ ಮಣ್ಣೂ ಹೆಣೆದುಕೊಂಡು ಬಂತು. ಅದನ್ನು ಸವರುತ್ತಾ ಕೂತಳೇ ಹೊರತು ನನ್ನ ಕಡೆ ನೋಡಲಿಲ್ಲ. ಮ್ಯಾನೇಜರ್ ಒಂದು ಡಬ್ಬಿ ನೋಡಿದರು, ಇನ್ನೊಂದನ್ನು ನೋಡಿದರು, ಆಮೇಲೆ ಕೈಗಡಿಯಾರ ನೋಡಿದರು. "ಅಡುಗೆಮನೆ ಕಿಟಕೀಲಿ ಬೆಳೆದಿದ್ದನ್ನ ನಾನು ಯಾರಿಗಮ್ಮ ತೋರಿಸ್ಲಿ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲಿನ ಗಟ್ಟಿತನವೂ ಇರಲಿಲ್ಲ.

ಹಿಂದುಗಡೆ ಕಾಂಕ್ರೀಟ್ ಕಲೆಸುವ ಯಂತ್ರ ತಿರುಗತೊಡಗಿತು. ಜಲ್ಲಿ ಉರುಳುವ ಸದ್ದು ಶೆಡ್ಡಿನ ತಗಡಿಗೆಲ್ಲ ಹಬ್ಬಿತು. ನಾನು ಮೂಲೆಯಲ್ಲಿದ್ದ ಚಿಕ್ಕಮ್ಮನ ಬುಟ್ಟಿಯನ್ನು ಎತ್ತಿಕೊಂಡೆ. ಸದ್ದಿಗೆ ನನ್ನ ಮಾತು ಕೇಳಿಸದೇ ಹೋದೀತು ಎಂದು ಎಂದಿಗಿಂತ ಜೋರಾಗಿ ಹೇಳಿದೆ.

"ಅವರು ಸುರಿಯೋಕೆ ಮುಂಚೆ ಒಂದೇ ಒಂದು ಬುಟ್ಟಿ ಮಣ್ಣು ತಗೊಳ್ಳೋಕೆ ಬಿಡಿ ಸಾರ್. ಚಿಕ್ಕಮ್ಮಾ, ನೀನಾದ್ರೂ ಹೇಳು."